ನಮ್ಮ ಆಟವನ್ನು ಬಂಡಲ್‌ಗೆ ಕೊಡಬೇಕೇ? ಬೆಳಗಾವಿಯಿಂದ ಒಂದು ಪ್ರಶ್ನೆ

ಕೋಟೆಕೆರೆ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಕಾಲೇಜಿನ ಗೆಳೆಯನೂ ಟಿಳಕವಾಡಿಯ ಬಾಡಿಗೆ ಕೋಣೆಯಲ್ಲಿ ಕುಳಿತು ಮಾಡಿದ ಒಗಟಿನ ಆಟ ಕಳೆದ ವರ್ಷ ಸ್ಟೀಮ್ ಎಂಬ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಲ್ಲಿ ಬಿಡುಗಡೆಯಾಯಿತು. ಬೆಲೆ 480 ರೂಪಾಯಿ. ಮೊದಲ ವಾರ ಸ್ನೇಹಿತರು, ಸ್ನೇಹಿತರ ಸ್ನೇಹಿತರು ಕೊಂಡರು. ಚಳಿಗಾಲದ ರಿಯಾಯಿತಿಯಲ್ಲಿ ಸ್ವಲ್ಪ ಚುರುಕಾಯಿತು. ಈಗ ದಿನಕ್ಕೊಂದು ಪ್ರತಿ ಹೋದರೆ ಅಂದು ನಮಗೆ ಹಬ್ಬ.

ಹಲವು ಆಟಗಳನ್ನು ಒಟ್ಟಿಗೆ ಒಂದೇ ಅಗ್ಗದ ಬೆಲೆಗೆ ಮಾರುವ ವಿದೇಶದ ಬಂಡಲ್ ತಾಣವೊಂದರಿಂದ ಮೇಲ್ ಬಂದಿದೆ. ಮಾತುಕತೆ ನಡೆಯುತ್ತಿರುವುದರಿಂದ ಹೆಸರು ಬರೆಯುವುದಿಲ್ಲ. ಎಂಟು ಆಟಗಳ ಬಂಡಲ್, ಬೆಲೆ ನಮ್ಮ ಹಣದಲ್ಲಿ ಸುಮಾರು 800 ರೂಪಾಯಿ. ತಾಣಕ್ಕೆ ಶೇ. 30, ದೇಣಿಗೆಗೆ ಶೇ. 5, ಉಳಿದದ್ದು ಎಂಟು ಆಟಗಳಿಗೆ ಸಮಪಾಲು. ಐದು ಸಾವಿರ ಕೀಗಳನ್ನು (ಸ್ಟೀಮ್‌ನಲ್ಲಿ ಹಾಕಿದರೆ ಆಟ ತೆರೆಯುವ ಸಂಕೇತಗಳು) ಮೊದಲೇ ಕಳುಹಿಸಬೇಕು. ಮುಂಗಡವಿಲ್ಲ.

ಗೆಳೆಯ ಕೊಟ್ಟುಬಿಡೋಣ ಎನ್ನುತ್ತಾನೆ. ನನಗೆ ಮನಸ್ಸಿಲ್ಲ. ಪೂರ್ತಿ ಬೆಲೆ ಕೊಟ್ಟು ಕೊಂಡವರಿಗೆ ಏನು ಹೇಳುವುದು? ಒಮ್ಮೆ ಹೀಗೆ ಅಗ್ಗಕ್ಕೆ ಹೋದರೆ ಮುಂದೆ ಯಾರಾದರೂ 480 ಕೊಡುತ್ತಾರೆಯೇ? ಆಟ ಮಾಡುವವರೂ ಹೇಳಿ, ಕೊಳ್ಳುವವರೂ ಹೇಳಿ.

ಗುಮ್ಮಟದ ಪಿಸುಮಾತು (ವಿಜಯಪುರ)

ಕೊಳ್ಳುವವರ ಪರವಾಗಿ ಮೊದಲು ನಾನು ಹೇಳುತ್ತೇನೆ ಅಣ್ಣಾ. ಬಂಡಲ್ ಇಲ್ಲದಿದ್ದರೆ ನಮ್ಮಂಥ ವಿದ್ಯಾರ್ಥಿಗಳು ಸಣ್ಣ ತಂಡಗಳ ಆಟಗಳ ಕಡೆಗೆ ತಲೆ ಹಾಕುತ್ತಲೇ ಇರಲಿಲ್ಲ. ನಮ್ಮ ದೊಡ್ಡಪ್ಪನ ಮಗನ ಕಾಲದಲ್ಲಿ ಹಾಸ್ಟೆಲಿನ ಒಂದು ಪೆನ್‌ಡ್ರೈವ್ ಎಲ್ಲರ ಕೋಣೆಯನ್ನೂ ಸುತ್ತುತ್ತಿತ್ತಂತೆ. ಅದರೊಳಗಿನ ಒಂದು ಆಟಕ್ಕೂ ಯಾರೂ ದುಡ್ಡು ಕೊಟ್ಟಿರಲಿಲ್ಲ. ಕೊಡುತ್ತೇನೆಂದರೂ ಡಾಲರ್ ಬೆಲೆ, ಜೊತೆಗೆ ಹೊರದೇಶದ ವಹಿವಾಟು ನಡೆಯುವ ಕಾರ್ಡ್ ಬೇಕು. 2015ರ ನವೆಂಬರ್‌ನಲ್ಲಿ ಸ್ಟೀಮ್ ರೂಪಾಯಿ ಬೆಲೆ ತಂದಿತು. ಈಗ ಯುಪಿಐ ಕೂಡ ನಡೆಯುತ್ತದೆ.

ನನ್ನ ತಿಂಗಳ ಖರ್ಚಿನಲ್ಲಿ ಆಟಕ್ಕೆಂದು ಉಳಿಯುವುದೇ ಮುನ್ನೂರು, ನಾನೂರು ರೂಪಾಯಿ. ಅದರಲ್ಲಿ ಹೆಸರು ಕೇಳದ ಒಂದೇ ಆಟವನ್ನು ಕೊಳ್ಳಲು ಧೈರ್ಯ ಸಾಲದು. ಎರಡು ತಿಂಗಳು ಕೂಡಿಟ್ಟು ಎಂಟು ಆಟಗಳ ಬಂಡಲ್ ಕೊಳ್ಳಬಹುದು, ಎರಡು ಚೆನ್ನಾಗಿದ್ದರೂ ಸಾಕು. ನಿಮ್ಮ ಆಟ ಆ ಎರಡರಲ್ಲಿ ಒಂದಾದರೆ ಮುಂದಿನ ಆಟಕ್ಕೆ ನಾನು ಪೂರ್ತಿ ಬೆಲೆ ಕೊಡುತ್ತೇನೆ. ಕೊಟ್ಟೂ ಇದ್ದೇನೆ.

ಒಣದ್ರಾಕ್ಷಿ (ತಿಕೋಟಾ)

ಪಿಸುಮಾತು ತಮ್ಮಾ, ನೀನು ಕೊಟ್ಟಿರಬಹುದು. ಉಳಿದ ನೂರು ಜನರನ್ನು ಕೇಳಿ ನೋಡು. "ಈಗೇಕೆ ಕೊಳ್ಳಬೇಕು, ಹೇಗೂ ಬಂಡಲ್‌ಗೆ ಬರುತ್ತದಲ್ಲ" ಎಂಬ ಮಾತನ್ನು ಈ ವೇದಿಕೆಯಲ್ಲೇ ಎಷ್ಟು ಸಲ ಓದಿಲ್ಲ! ಬಂಡಲ್‌ಗಳು ಕೊಳ್ಳುವವರಿಗೆ ಕಲಿಸಿದ ಮೊದಲ ಪಾಠ ಕಾಯುವುದು. ದುಡ್ಡು ಇರುವವನೂ ಕಾಯುತ್ತಾನೆ, ಇಲ್ಲದವನೂ ಕಾಯುತ್ತಾನೆ, ನಡುವೆ ಆಟ ಮಾಡಿದವನು ಬಾಡಿಗೆ ಕಟ್ಟಬೇಕು.

ಫ್ಯಾಕ್ಟೋರಿಯೋ ಆಟದವರನ್ನು ನೋಡಿ. ಒಂದು ದಿನವೂ ರಿಯಾಯಿತಿ ಕೊಟ್ಟವರಲ್ಲ. ಬೆಲೆಯನ್ನು 20 ಡಾಲರ್‌ನಿಂದ 30ಕ್ಕೆ, 2023ರಲ್ಲಿ 35ಕ್ಕೆ ಏರಿಸಿದರು. ಜನ ಬೈಯುತ್ತಲೇ ಕೊಂಡರು. ಕಾದರೆ ಬೆಲೆ ಇಳಿಯುವುದಿಲ್ಲ ಎಂದು ಗೊತ್ತಿದ್ದರೆ ಯಾರೂ ಕಾಯುವುದಿಲ್ಲ.

ಇಳಕಲ್ ಸೆರಗು (ಇಳಕಲ್)

ನಮ್ಮ ಮನೆಯದು ಸೀರೆ ವ್ಯಾಪಾರ. ಆಷಾಢದಲ್ಲಿ ರಿಯಾಯಿತಿ ಹಾಕುತ್ತೇವೆ. ಶ್ರಾವಣ ಬಂದ ಕೂಡಲೇ ಅದೇ ಗಿರಾಕಿ ಮದುವೆಗೆಂದು ಪೂರ್ತಿ ಬೆಲೆಯ ಸೀರೆ ಒಯ್ಯುತ್ತಾಳೆ. ರಿಯಾಯಿತಿಯಿಂದ ಸರಕಿನ ಮರ್ಯಾದೆ ಹೋಗುವುದಿಲ್ಲ. ಕಪಾಟಿನಲ್ಲಿ ಸುಮ್ಮನೆ ಕುಳಿತರೆ ಹೋಗುತ್ತದೆ. ಕೊಟ್ಟುಬಿಡಿ.

ಸೆಕ್ಟರ್ ಇಪ್ಪತ್ಮೂರು (ನವನಗರ, ಬಾಗಲಕೋಟೆ)

ಇಳಕಲ್‌ನವರೇ, ಸೀರೆ ಕಪಾಟಿನಲ್ಲಿ ಕುಳಿತರೆ ಅದಕ್ಕೆ ಹಾಕಿದ ಬಂಡವಾಳವೂ ಕೂರುತ್ತದೆ, ಬಣ್ಣ ಮಾಸುತ್ತದೆ, ಜಾಗ ಹಿಡಿಯುತ್ತದೆ. ಆಟದ ಇನ್ನೊಂದು ಪ್ರತಿಗೆ ಮಾಡುವವರ ಕೈಯಿಂದ ಹೆಚ್ಚುಕಡಿಮೆ ಏನೂ ಖರ್ಚಿಲ್ಲ, ಅದು ಹಳಸುವುದೂ ಇಲ್ಲ. ಹಾಗಾಗಿ ಸರಕು ಖಾಲಿ ಮಾಡುವ ಅವಸರ ನಮಗಿಲ್ಲ. ಮತ್ತೊಂದು ಮಾತು: ಮದುವೆಗೆ ಇನ್ನೊಂದು ಸೀರೆ ಬೇಕು. ಒಂದು ಆಟವನ್ನು ಒಬ್ಬರು ಒಂದೇ ಸಲ ಕೊಳ್ಳುತ್ತಾರೆ. ಆ ಒಂದು ಸಲ ಎಷ್ಟಕ್ಕೆ ಎಂಬುದೇ ಎಲ್ಲ.

ನಾನೂ ಆಟ ಮಾಡುವವಳು. ನನ್ನ ಎರಡು ಸಣ್ಣ ಆಟಗಳು ಬೇರೆ ಬೇರೆ ಬಂಡಲ್‌ಗಳಲ್ಲಿ ಹೋಗಿವೆ. ಕೋಟೆಕೆರೆಯವರ ಲೆಕ್ಕವನ್ನೇ ಮೊದಲು ಮಾಡೋಣ. ತೆರಿಗೆಯನ್ನು ಸದ್ಯಕ್ಕೆ ಬದಿಗಿಡುತ್ತೇನೆ.

800ರಲ್ಲಿ ತಾಣಕ್ಕೆ 240, ದೇಣಿಗೆಗೆ 40 ಹೋದರೆ 520 ಉಳಿಯಿತು. ಎಂಟು ಭಾಗ ಮಾಡಿದರೆ ನಿಮಗೆ 65 ರೂಪಾಯಿ. ಇದೇ ಆಟ ಸ್ಟೀಮ್‌ನಲ್ಲಿ 480ಕ್ಕೆ ಹೋದರೆ ಅವರ ಶೇ. 30 ಕಳೆದು 336 ಬರುತ್ತದೆ. ಅಂದರೆ ಪೂರ್ತಿ ಬೆಲೆಯ ಒಬ್ಬ ಗಿರಾಕಿಯನ್ನು ಕಳೆದುಕೊಂಡರೆ ಬಂಡಲ್‌ನಲ್ಲಿ ಐವರಿಗಿಂತ ಹೆಚ್ಚು ಜನ ಬರಬೇಕು. ಆದರೆ ನಿಮಗೆ ಈಗ ಪೂರ್ತಿ ಬೆಲೆಯ ಗಿರಾಕಿಯೇ ಅಪರೂಪ. ಹಾಗಾಗಿ ಹೋಲಿಸಬೇಕಾದದ್ದು 336ರ ಜೊತೆಗಲ್ಲ, ನೀವೇ ಶೇ. 75 ರಿಯಾಯಿತಿ ಕೊಟ್ಟರೆ ಬರುವ ಹಣದ ಜೊತೆಗೆ. 120ರಲ್ಲಿ ಸ್ಟೀಮ್ ಪಾಲು ಕಳೆದರೆ 84. ಬಂಡಲ್‌ನ 65ಕ್ಕಿಂತ ಹೆಚ್ಚು! ಆದರೂ ಜನ ಬಂಡಲ್‌ಗೆ ಏಕೆ ಹೋಗುತ್ತಾರೆಂದರೆ, ನಿಮ್ಮ ಪುಟಕ್ಕೆ ತಾವಾಗಿ ಎಂದೂ ಬಾರದ ಸಾವಿರಾರು ಮಂದಿ ಅಲ್ಲಿ ಒಟ್ಟಿಗೆ ಸಿಗುತ್ತಾರೆ. ಒಂದೇ ವಾರದಲ್ಲಿ ಒಂದು ದೊಡ್ಡ ಮೊತ್ತ ಕೈಗೆ ಬಂದರೆ ಮುಂದಿನ ಆಟಕ್ಕೆ ಕೆಲವು ತಿಂಗಳ ಬಾಡಿಗೆ ಹುಟ್ಟುತ್ತದೆ. ನನ್ನ ಮೊದಲ ಆಟಕ್ಕೆ ಆದದ್ದು ಅದೇ. ಅದರ ಬಗ್ಗೆ ನನಗೆ ದೂರಿಲ್ಲ.

ಈಗ ಯಾರೂ ಹೇಳದ ಸಂಗತಿಗೆ ಬರುತ್ತೇನೆ. ಬಂಡಲ್‌ನಲ್ಲಿ ಸಿಗುವುದು ಸ್ಟೀಮ್ ಕೀ. 2016ರ ಸೆಪ್ಟೆಂಬರ್‌ನಲ್ಲಿ ಸ್ಟೀಮ್ ನಿಯಮ ಬದಲಿಸಿತು: ಹೊರಗೆ ಪಡೆದ ಕೀಯಿಂದ ಆಟ ಸೇರಿಸಿಕೊಂಡವರು ವಿಮರ್ಶೆ ಬರೆಯಬಹುದು, ಆದರೆ ಅದು ಆಟದ ಒಟ್ಟು ಅಂಕಕ್ಕೆ ಸೇರುವುದಿಲ್ಲ. ಕೀಗಳನ್ನು ಪುಕ್ಕಟೆ ಹಂಚಿ ಹೊಗಳಿಕೆ ಬರೆಸಿಕೊಳ್ಳುವವರನ್ನು ತಡೆಯಲು ಮಾಡಿದ ನಿಯಮ. ಅದರ ಪೆಟ್ಟು ಪ್ರಾಮಾಣಿಕರಿಗೂ ಬಿತ್ತು. ಸ್ಟೀಮ್‌ನಲ್ಲೇ ಕೊಂಡವರ ಹತ್ತು ವಿಮರ್ಶೆಗಳಾಗುವವರೆಗೆ ನಿಮ್ಮ ಪುಟದಲ್ಲಿ ಅಂಕವೇ ಕಾಣುವುದಿಲ್ಲ. ಐದು ಸಾವಿರ ಜನ ಬಂಡಲ್‌ನಿಂದ ಬಂದು ಐವತ್ತು ಜನ ಮೆಚ್ಚಿ ಬರೆದರೂ ಆ ಸಂಖ್ಯೆ ಕದಲುವುದಿಲ್ಲ.

ಇನ್ನೂ ಒಂದಿದೆ. ನಿಮ್ಮ ಆಟವನ್ನು ವಿಶ್‌ಲಿಸ್ಟ್‌ನಲ್ಲಿ, ಅಂದರೆ ಮುಂದೆ ಕೊಳ್ಳಬೇಕೆಂಬ ಪಟ್ಟಿಯಲ್ಲಿ, ಇಟ್ಟುಕೊಂಡವರೇ ಬಂಡಲ್ ಕಂಡ ಕೂಡಲೇ ಮೊದಲು ಓಡುವವರು. ಅವರಿಗೆ ನಿಮ್ಮ ಆಟ ಮೊದಲೇ ಇಷ್ಟ. ಕೀ ಹಾಕಿದ ಕ್ಷಣ ಆಟ ಅವರ ವಿಶ್‌ಲಿಸ್ಟ್‌ನಿಂದ ಹೋಗುತ್ತದೆ. ಅರ್ಧ ಬೆಲೆಗೆ, ಅಂದರೆ 240ಕ್ಕೆ, ಕೊಳ್ಳಲು ಸಿದ್ಧವಿದ್ದವರನ್ನು ನೀವೇ 65ಕ್ಕೆ ಕಳುಹಿಸಿಕೊಟ್ಟಂತೆ.

ಕೋಟೆಕೆರೆಯವರೇ, ನಿಮಗೆ ವಿಮರ್ಶೆ ಎಷ್ಟಿವೆ? ಈವರೆಗೆ ಕೊಟ್ಟ ದೊಡ್ಡ ರಿಯಾಯಿತಿ ಎಷ್ಟು?

ಕೋಟೆಕೆರೆ (ಬೆಳಗಾವಿ)

ಅಕ್ಕಾ, ವಿಮರ್ಶೆ ಎಂಟು. ರಿಯಾಯಿತಿ ಶೇ. 25ರ ಮೇಲೆ ಹೋಗಿಲ್ಲ. ಅಂಕ ಸೇರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಬಂಡಲ್‌ನಿಂದ ವಿಮರ್ಶೆ ಹೆಚ್ಚುತ್ತದೆ ಎಂಬುದೇ ಗೆಳೆಯನ ದೊಡ್ಡ ವಾದವಾಗಿತ್ತು. ಈಗ ಚಹಾ ತರುತ್ತೇನೆಂದು ಎದ್ದು ಹೋಗಿದ್ದಾನೆ.

ಸೆಕ್ಟರ್ ಇಪ್ಪತ್ಮೂರು (ನವನಗರ, ಬಾಗಲಕೋಟೆ)

ಹಾಗಾದರೆ ಈಗಲೇ ಬೇಡ. ಮೊದಲು ಸ್ಟೀಮ್‌ನಲ್ಲೇ ಇಳಿಸುತ್ತಾ ಬನ್ನಿ. ಶೇ. 20 ಅಥವಾ ಅದಕ್ಕಿಂತ ಹೆಚ್ಚು ರಿಯಾಯಿತಿ ಕೊಟ್ಟರೆ ವಿಶ್‌ಲಿಸ್ಟ್‌ನಲ್ಲಿರುವವರಿಗೆ ಸ್ಟೀಮ್ ತಾನೇ ಮೇಲ್ ಕಳುಹಿಸುತ್ತದೆ. ಒಂದು ರಿಯಾಯಿತಿಗೂ ಮುಂದಿನದಕ್ಕೂ ನಡುವೆ 30 ದಿನ ಬಿಡಬೇಕು. ವರ್ಷದ ದೊಡ್ಡ ಹಬ್ಬದ ಮಾರಾಟಗಳಿಗೆ ಆ ತಡೆಯಿಲ್ಲ. ಶೇ. 35, ಆಮೇಲೆ 50, ಆಮೇಲೆ 65. ಪ್ರತಿ ಹಂತದಲ್ಲೂ ಆ ಬೆಲೆಗೆ ಕಾಯುತ್ತಿದ್ದವರು ಬರುತ್ತಾರೆ, ಅವರ ವಿಮರ್ಶೆ ಎಣಿಕೆಗೆ ಬರುತ್ತದೆ. ಇಷ್ಟೆಲ್ಲ ಆಗಿ, ಇನ್ನು ಯಾರೂ ಬರುವುದಿಲ್ಲ ಎನ್ನಿಸಿದಾಗ ಬಂಡಲ್‌ನವರಿಗೆ ನೀವೇ ಬರೆಯಿರಿ.

ಒಣದ್ರಾಕ್ಷಿ (ತಿಕೋಟಾ)

ಅಕ್ಕಾ, ನೀವು ಹೇಳುತ್ತಿರುವುದೂ ಕೊನೆಗೆ ಅಗ್ಗದ ದಾರಿಯೇ. ನಿಧಾನವಾಗಿ ಇಳಿಯುವುದು ಅಷ್ಟೇ.

ಸೆಕ್ಟರ್ ಇಪ್ಪತ್ಮೂರು (ನವನಗರ, ಬಾಗಲಕೋಟೆ)

ಹೌದು, ನಿಧಾನವಾಗಿ ಇಳಿಯುವುದೇ. ಫ್ಯಾಕ್ಟೋರಿಯೋದವರು ಇಳಿಯದೇ ಇರಬಲ್ಲರು. ಅವರ ಆಟದ ಬಗ್ಗೆ ಜಗತ್ತೇ ಮಾತಾಡುತ್ತದೆ. ಎಂಟು ವಿಮರ್ಶೆ ಇರುವ ಆಟ ಬೆಲೆ ಇಳಿಸುವುದಿಲ್ಲ ಎಂದು ಹಟ ಹಿಡಿದರೆ ಆ ಹಟ ಯಾರಿಗೂ ಕಾಣುವುದೇ ಇಲ್ಲ.

ರಾಣಿ ಚೆನ್ನಮ್ಮ ವೃತ್ತ (ಬೆಳಗಾವಿ)

ನಾನು ಹಳಬ, ಬಂಡಲ್‌ಗಳನ್ನು ಹುಟ್ಟಿದಾಗಿನಿಂದ ನೋಡಿದವನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

2010ರ ಮೇ ತಿಂಗಳಲ್ಲಿ ವುಲ್ಫೈರ್ ಎಂಬ ಪುಟ್ಟ ಆಟದ ಕಂಪನಿ ಹಂಬಲ್ ಇಂಡಿ ಬಂಡಲ್ ಶುರು ಮಾಡಿತು. ವರ್ಲ್ಡ್ ಆಫ್ ಗೂ, ಅಕ್ವೇರಿಯಾ ಮೊದಲಾದ ಆಟಗಳು. ಬೆಲೆ ನಿಮ್ಮ ಇಷ್ಟ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತಿದ್ದವು, ನಕಲು ತಡೆಯುವ ಯಾವ ಬೀಗವೂ ಇರಲಿಲ್ಲ. ಹಣ ಕಟ್ಟುವ ಪುಟದಲ್ಲಿ ಜಾರಿಸುವ ಪಟ್ಟಿಗಳಿದ್ದವು. ನೀವು ಕೊಟ್ಟದ್ದರಲ್ಲಿ ಆಟ ಮಾಡಿದವರಿಗೆ ಎಷ್ಟು, ದತ್ತಿ ಸಂಸ್ಥೆಗೆ ಎಷ್ಟು ಎಂದು ನೀವೇ ಎಳೆದು ಇಡಬಹುದಿತ್ತು. ಒಂದನ್ನು ಬಲಕ್ಕೆ ಎಳೆದರೆ ಉಳಿದವು ತಾವಾಗಿ ಎಡಕ್ಕೆ ಸರಿಯುತ್ತಿದ್ದವು. ಒಟ್ಟು ಸೇರಿದ್ದು 12 ಲಕ್ಷ ಡಾಲರ್‌ಗೂ ಹೆಚ್ಚು. ಸರಾಸರಿ ಲೆಕ್ಕದಲ್ಲಿ ಹೆಚ್ಚು ಕೊಟ್ಟವರು ಲಿನಕ್ಸ್‌ನವರು, ಕಡಿಮೆ ಕೊಟ್ಟವರು ವಿಂಡೋಸ್‌ನವರು. ಮೊತ್ತ 10 ಲಕ್ಷ ದಾಟಿದ ಮೇಲೆ ಕೆಲವು ಆಟಗಳ ಸೋರ್ಸ್ ಕೋಡನ್ನೇ (ಆಟ ಬರೆದ ಮೂಲ ಸಾಲುಗಳನ್ನೇ) ಬಿಡುಗಡೆ ಮಾಡಿದರು.

ಅದೇ ವರ್ಷ ಡಿಸೆಂಬರ್‌ನ ಎರಡನೆಯ ಬಂಡಲ್‌ನಲ್ಲಿ ಸರಾಸರಿಗಿಂತ ಹೆಚ್ಚು ಕೊಟ್ಟವರಿಗೆ ಇನ್ನಷ್ಟು ಎಂಬ ಉಪಾಯ ಬಂತು. ಜನ ಒಂದು ಸೆಂಟ್ ಕೊಟ್ಟು ರಾಶಿ ರಾಶಿ ಕೀ ಬಾಚಿಕೊಳ್ಳತೊಡಗಿದಾಗ ಸ್ಟೀಮ್ ಕೀ ಬೇಕಾದರೆ ಕನಿಷ್ಠ ಒಂದು ಡಾಲರ್ ಎಂದು ಕಟ್ಟು ಹಾಕಿದರು. ಇಷ್ಟ ಬಂದಷ್ಟು ಕೊಡಿ ಎಂದರೆ ಒಂದು ಪೈಸೆ ಕೊಡುವವರೂ ಇರುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

2017ರಲ್ಲಿ ಹಂಬಲ್ ಬಂಡಲ್ ಅನ್ನು ಆಟಗಳ ಸುದ್ದಿ ತಾಣ ಐಜಿಎನ್ ಕೊಂಡಿತು. 2021ರಲ್ಲಿ ಆ ಜಾರುಪಟ್ಟಿಗಳನ್ನೇ ತೆಗೆಯಹೊರಟರು. ಗದ್ದಲವಾದ ಮೇಲೆ ಉಳಿಸಿದರು, ಆದರೆ ತಮ್ಮ ಪಾಲು ಶೇ. 15ರಿಂದ 30ರಷ್ಟು ಇದ್ದೇ ಇರುತ್ತದೆ ಎಂದರು. ಮೊದಲು ಕೊಳ್ಳುವವನ ಕೈಯಲ್ಲಿದ್ದ ಹಂಚಿಕೆ ಹೀಗೆ ಮಾರುವವನ ಕೈಗೆ ಬಂತು. ಕೋಟೆಕೆರೆಯವರ ಬಳಿಗೆ ಬಂದಿರುವ ಮೇಲ್‌ನಲ್ಲಿ ಶೇ. 30 ಎಂಬುದು ಚರ್ಚೆಗೇ ಇಲ್ಲದಂತೆ ಕುಳಿತಿದೆ ನೋಡಿ.

ಮಲಪ್ರಭೆ (ಬಾದಾಮಿ)

ನಾನು ಕೊಳ್ಳುವವಳು ಮಾತ್ರ. 2020ರ ಜೂನ್‌ನಲ್ಲಿ ಇಚ್.ಐಓ ತಾಣದಲ್ಲಿ ಜನಾಂಗೀಯ ನ್ಯಾಯಕ್ಕಾಗಿ ಒಂದು ಬಂಡಲ್ ಬಂದಿತ್ತು. ಕನಿಷ್ಠ 5 ಡಾಲರ್, 1,700ಕ್ಕೂ ಹೆಚ್ಚು ಆಟ ಮತ್ತು ಇತರ ಕೃತಿಗಳು. 80 ಲಕ್ಷ ಡಾಲರ್ ದಾಟಿತು. ಅಷ್ಟೂ ಹಣ ದೇಣಿಗೆಗೆ ಹೋಯಿತು, ಮಾಡಿದವರು ಒಂದು ಪೈಸೆ ಮುಟ್ಟಲಿಲ್ಲ. ಅದನ್ನು ಬಂಡಲ್ ವ್ಯಾಪಾರದ ಲೆಕ್ಕಕ್ಕೆ ತರಬಾರದು, ಅವರು ತಿಳಿದೇ ಕೊಟ್ಟದ್ದು.

ನಾನು ಹೇಳಬೇಕೆಂದಿದ್ದು ಬೇರೆ. ಆ ಬಂಡಲ್‌ನ ಪುಟ ಇಂದಿಗೂ ನನ್ನ ಬಳಿ ಇದೆ. ಪುಟ ತಿರುಗಿಸಿದಷ್ಟೂ ಹೊಸ ಹೆಸರುಗಳು. ನಡುವೆ ಚಿತ್ರಗಳ ಸಂಗ್ರಹ, ಕಾಗದದ ಮೇಲೆ ಆಡುವ ಆಟಗಳ ನಿಯಮ ಪುಸ್ತಕ, ಸಂಗೀತದ ತುಣುಕು. ರಾತ್ರಿ ಊಟವಾದ ಮೇಲೆ ಏನಾದರೂ ಆಡೋಣ ಎಂದು ತೆರೆದರೆ ಆಯ್ಕೆ ಮಾಡುವುದರಲ್ಲೇ ನಿದ್ದೆ ಬರುತ್ತದೆ. ಪೂರ್ತಿ ಬೆಲೆಗೆ ಕೊಂಡ ಆಟವನ್ನು ಮಾತ್ರ ಮುಗಿಸದೇ ಬಿಟ್ಟಿಲ್ಲ. ದುಡ್ಡು ಹೋಗಿದೆಯಲ್ಲ ಎಂಬ ಸಂಕಟಕ್ಕಾದರೂ ಮುಗಿಸುತ್ತೇನೆ. ಹಾಗಾಗಿ ಎಂಟು ಆಟ 800 ರೂಪಾಯಿಗೆ ಸಿಕ್ಕಿತು ಎಂದು ಹಿಗ್ಗುವವರು ಆಡಿದ ಆಟಗಳನ್ನು ಮಾತ್ರ ಎಣಿಸಿ ಭಾಗಿಸಲಿ. ಎರಡನ್ನೇ ಆಡಿದರೆ ಒಂದಕ್ಕೆ 400. ಅಗ್ಗವೇನೂ ಅಲ್ಲ.

ಗುಮ್ಮಟದ ಪಿಸುಮಾತು (ವಿಜಯಪುರ)

ಅಕ್ಕಾ, ಆ ಲೆಕ್ಕ ನನ್ನನ್ನು ಚುಚ್ಚಿತು. ಆದರೂ ಯಾವ ಎರಡು ಎಂದು ಮೊದಲೇ ಗೊತ್ತಿರುವುದಿಲ್ಲವಲ್ಲ?

ಮಲಪ್ರಭೆ (ಬಾದಾಮಿ)

ಅದಕ್ಕೆ ಡೆಮೊ ಇದೆ. ಸ್ಟೀಮ್‌ನಲ್ಲಿ ಕೊಂಡರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ಸೂ ಸಿಗುತ್ತದೆ. ಹೊರಗೆ ಕೊಂಡ ಬಂಡಲ್ ಕೀಗೆ ಸ್ಟೀಮ್ ಹಣ ಮರಳಿಸುವುದಿಲ್ಲ, ಅದು ನಿನಗೆ ಗೊತ್ತಿರಲಿ.

ಒಣದ್ರಾಕ್ಷಿ (ತಿಕೋಟಾ)

ಆ ಐದು ಸಾವಿರ ಕೀಗಳ ಮಾತು ಯಾರೂ ಎತ್ತಲಿಲ್ಲ. ಮುಂಗಡವಿಲ್ಲದೆ ಐದು ಸಾವಿರ ಕೀ ಬೇರೆಯವರ ಕೈಗೆ! ಮಾರಾಟವಾಗದೆ ಉಳಿದವು ಎಲ್ಲಿ ಹೋಗುತ್ತವೆ? ಕೊಂಡವರು ತಮ್ಮ ಬಳಿ ಈಗಾಗಲೇ ಇರುವ ಆಟದ ಕೀಗಳನ್ನು ಏನು ಮಾಡುತ್ತಾರೆ? ಮರುಮಾರಾಟದ ಸಂತೆಗೆ ಇಳಿಸುತ್ತಾರೆ. ಆಮೇಲೆ ನಿಮ್ಮ ಆಟದ ಹೆಸರು ಹುಡುಕಿದರೆ ಸ್ಟೀಮ್ ಪುಟದ ಪಕ್ಕದಲ್ಲೇ 40 ರೂಪಾಯಿಯ ಕೀ ಕಾಣುತ್ತದೆ, ವರ್ಷಗಟ್ಟಲೆ.

2016ರಲ್ಲಿ ಆಟಗಳನ್ನು ಪ್ರಕಟಿಸುವ ಟೈನಿಬಿಲ್ಡ್ ಕಂಪನಿ ಕೀ ಮರುಮಾರಾಟದ ಜಿ2ಎ ತಾಣದ ಮೇಲೆ ಬಹಿರಂಗವಾಗಿ ದೂರಿತು. ತಮ್ಮ ಆಟಗಳ ನಾಲ್ಕೂವರೆ ಲಕ್ಷ ಡಾಲರ್ ಬೆಲೆಯ ಕೀಗಳು ಅಲ್ಲಿ ಮಾರಾಟವಾಗಿವೆ ಎಂದಿತು. ಫ್ಯಾಕ್ಟೋರಿಯೋದವರ ದೂರಿನ ತನಿಖೆಯಲ್ಲಿ 198 ಕದ್ದ ಕೀಗಳು ಜಿ2ಎಯಲ್ಲಿ ಮಾರಾಟವಾದದ್ದು ಖಚಿತವಾಗಿ, ತಾಣವೇ ಪರಿಹಾರ ಕೊಡಬೇಕಾಯಿತು. ಅವು ಕದ್ದ ಕಾರ್ಡ್‌ಗಳ ಪ್ರಕರಣ, ಬಂಡಲ್‌ನದಲ್ಲ, ಒಪ್ಪುತ್ತೇನೆ. ಆದರೆ ಸಂತೆ ಅದೇ.

ಸೆಕ್ಟರ್ ಇಪ್ಪತ್ಮೂರು (ನವನಗರ, ಬಾಗಲಕೋಟೆ)

ಈ ಮಾತಿಗೆ ನನ್ನ ಪೂರ್ತಿ ಸಹಮತವಿದೆ. ಕೀಗಳನ್ನು ಒಮ್ಮೆಗೇ ಕೊಡಬೇಡಿ. ಮೊದಲ ಕಂತು ಸಾವಿರ, ಮುಗಿದ ಹಾಗೆ ಮುಂದಿನದು. ಪ್ರತಿ ಕಂತಿಗೂ ಬೇರೆ ಹೆಸರಿಡಿ, ಯಾವ ಕೀ ಯಾರ ಮೂಲಕ ಹೋಯಿತೆಂದು ಸ್ಟೀಮ್‌ನ ಒಳಪುಟದಲ್ಲಿ ಹುಡುಕಿ ನೋಡಬಹುದು. ಮಾರಾಟ ಮುಗಿದ ಮೇಲೆ ಬಳಕೆಯಾಗದ ಕೀಗಳನ್ನು ರದ್ದು ಮಾಡುವ ಹಕ್ಕು ನಿಮ್ಮದೇ ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಬರೆಸದೆ ರದ್ದು ಮಾಡಿದರೆ ಪ್ರಾಮಾಣಿಕವಾಗಿ ಕೊಂಡು ನಿಧಾನವಾಗಿ ತೆರೆಯುವವನು ಬೈಯುವುದು ನಿಮ್ಮನ್ನೇ.

ಮತ್ತೆ, ಹಣ ಬರುವುದು ಮಾರಾಟವಾದ ಪ್ರತಿ ಬಂಡಲ್‌ಗೋ, ತೆರೆದ ಪ್ರತಿ ಕೀಗೋ? ಎರಡಕ್ಕೂ ಅಜಗಜಾಂತರ.

ರಾಣಿ ಚೆನ್ನಮ್ಮ ವೃತ್ತ (ಬೆಳಗಾವಿ)

ಮುಂಗಡದ ವಿಷಯಕ್ಕೆ ಒಂದು ಮಾತು. ಸ್ಟೀಮ್‌ನಂತೆಯೇ ಆಟ ಮಾರುವ ಎಪಿಕ್ ಅಂಗಡಿಯವರು 2018ರ ಡಿಸೆಂಬರ್‌ನಿಂದ ಆಟಗಳನ್ನು ಪುಕ್ಕಟೆ ಹಂಚುತ್ತಿದ್ದಾರೆ. ನಮಗೆ ಪುಕ್ಕಟೆ, ಮಾಡಿದವರಿಗಲ್ಲ. ಆಪಲ್ ಜೊತೆಗಿನ ಮೊಕದ್ದಮೆಯಲ್ಲಿ ಹೊರಬಂದ ಕಾಗದಗಳ ಪ್ರಕಾರ ಸಬ್‌ನಾಟಿಕಾ ಆಟಕ್ಕೆ ಅವರು 14 ಲಕ್ಷ ಡಾಲರ್ ಕೊಟ್ಟಿದ್ದರು. ಎಷ್ಟು ಜನ ಪಡೆದರೂ ಸರಿ, ಮೊತ್ತ ನಿಶ್ಚಿತ. ನಮ್ಮ ಹುಡುಗರಿಗೆ ಅಷ್ಟು ಯಾರೂ ಕೊಡುವುದಿಲ್ಲ ಬಿಡಿ. ಆದರೆ ಮುಂಗಡವಾಗಿ ಒಂದು ಸಣ್ಣ ಮೊತ್ತ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಹೆಚ್ಚೆಂದರೆ ಇಲ್ಲ ಎನ್ನುತ್ತಾರೆ.

ಇನ್ನೊಂದು ದಾರಿಯೂ ಇದೆ. ಸ್ಟೀಮ್‌ನ ಒಳಗೇ ಬಂಡಲ್ ಮಾಡಬಹುದು, ಬೇರೆ ತಂಡದ ಆಟಗಳ ಜೊತೆಗೂ. ಕೊಳ್ಳುವವನ ಬಳಿ ಅದರಲ್ಲಿ ಒಂದು ಆಟ ಮೊದಲೇ ಇದ್ದರೆ ಅದರ ಹಣ ಬಿಟ್ಟು ಉಳಿದದ್ದಕ್ಕೆ ಮಾತ್ರ ಕೊಡುತ್ತಾನೆ, ರಿಯಾಯಿತಿ ಹಾಗೆಯೇ ಸಿಗುತ್ತದೆ. ಕೀಯ ತಲೆನೋವಿಲ್ಲ, ವಿಮರ್ಶೆ ಎಣಿಕೆಗೆ ಬರುತ್ತದೆ, ರಿಯಾಯಿತಿ ಶೇ. 10 ಇಟ್ಟರೂ ನಡೆಯುತ್ತದೆ. ಒಗಟಿನ ಆಟ ಮಾಡಿದ ಇನ್ನಿಬ್ಬರನ್ನು ಹುಡುಕಿ. ನಿಮಗಿಂತ ಸ್ವಲ್ಪ ಹೆಚ್ಚು ಹೆಸರಿದ್ದವರಾದರೆ ಇನ್ನೂ ಒಳ್ಳೆಯದು. ಅವರ ಪುಟದ ಕೆಳಗೆ ನಿಮ್ಮ ಆಟ ಸದಾ ಕಾಣುತ್ತಿರುತ್ತದೆ.

ಇಳಕಲ್ ಸೆರಗು (ಇಳಕಲ್)

ಸೆಕ್ಟರ್‌ನವರೇ, ಸೀರೆಯ ವಿಷಯದಲ್ಲಿ ನೀವು ಹೇಳಿದ್ದು ಸರಿ ಎಂದೇ ಇಟ್ಟುಕೊಳ್ಳೋಣ. ಆದರೆ ಆಟವನ್ನು ಯಾರೂ ನೋಡದಿದ್ದರೆ ಅದಕ್ಕೂ ವಯಸ್ಸಾಗುತ್ತದೆ ಎಂಬುದನ್ನು ನಾನು ಬಿಟ್ಟುಕೊಡುವುದಿಲ್ಲ. ಮೂರು ವರ್ಷದ ನಂತರ ಬಂಡಲ್‌ನವರೂ ಕೇಳುವುದಿಲ್ಲ.

ಗುಮ್ಮಟದ ಪಿಸುಮಾತು (ವಿಜಯಪುರ)

ಪೂರ್ತಿ ಬೆಲೆಗೆ ಕೊಂಡವರಿಗೆ ಬೇಸರವಾಗುತ್ತದೆಯೇ ಎಂದು ಕೇಳಿದ್ದಿರಲ್ಲ ಅಣ್ಣಾ. ಕೊಂಡ ತಿಂಗಳೊಳಗೆ ಬಂಡಲ್‌ಗೆ ಬಂದರೆ ಖಂಡಿತ ಉರಿಯುತ್ತದೆ. ವರ್ಷ ದಾಟಿದ್ದರೆ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಮೊದಲು ಕೊಂಡವರಿಗೆ ಹೊಸ ಹಂತಗಳನ್ನೋ ಸಂಗೀತವನ್ನೋ ಪುಕ್ಕಟೆ ಕೊಡಿ, ಹೊಗಳುತ್ತಾರೆ.

ಕೋಟೆಕೆರೆ (ಬೆಳಗಾವಿ)

ಎಲ್ಲರಿಗೂ ಕೃತಜ್ಞತೆ. ಗೆಳೆಯ ಚಹಾ ತಂದ, ಇಡೀ ಚರ್ಚೆ ಓದಿದ, ಒಂದು ಗಂಟೆ ವಾದ ಮಾಡಿದ. ಸದ್ಯಕ್ಕೆ ಹೀಗೆ: ಬಂಡಲ್‌ನವರಿಗೆ ಈ ಸಲ ಬೇಡ, ಮುಂದಿನ ವರ್ಷ ಮಾತಾಡೋಣ ಎಂದು ಬರೆದಿದ್ದೇವೆ. ಹನ್ನೆರಡು ಹೊಸ ಒಗಟುಗಳನ್ನು ಸೇರಿಸಿ, ಅದರ ಜೊತೆಗೆ ಶೇ. 40 ರಿಯಾಯಿತಿ. ಸ್ಟೀಮ್ ಒಳಗಿನ ಬಂಡಲ್‌ಗೆ ಪುಣೆಯ ಒಂದು ತಂಡವನ್ನು ಕೇಳುತ್ತಿದ್ದೇವೆ.

ಒಂದು ಕೊನೆಯ ಸಂಶಯ. ಬಂಡಲ್‌ನವರು ಉತ್ತರಿಸಿದ್ದಾರೆ: ಕೀಗಳನ್ನು ಕಂತಿನಲ್ಲಿ ಕೊಟ್ಟರೂ ಸರಿ, ಆದರೆ ಬಂಡಲ್‌ಗೆ ಮುಂಚಿನ ಮೂರು ತಿಂಗಳು ಸ್ಟೀಮ್‌ನಲ್ಲಿ ಶೇ. 50ಕ್ಕಿಂತ ಹೆಚ್ಚು ರಿಯಾಯಿತಿ ಕೊಡಬಾರದಂತೆ. ಒಪ್ಪಬಹುದೇ?

ಸೆಕ್ಟರ್ ಇಪ್ಪತ್ಮೂರು (ನವನಗರ, ಬಾಗಲಕೋಟೆ)

ಒಪ್ಪಬೇಡಿ. ಆ ಮೂರು ತಿಂಗಳಲ್ಲಿ ಬೇಸಿಗೆಯ ಮಾರಾಟವೋ ಚಳಿಗಾಲದ ಮಾರಾಟವೋ ಬೀಳಬಹುದು, ನಿಮ್ಮ ವರ್ಷದ ದೊಡ್ಡ ಆದಾಯ ಅದೇ. ಒಂದು ತಿಂಗಳಿಗೆ ಇಳಿಸಿ ಎಂದು ಬರೆಯಿರಿ, ಮೊದಲು ಮುಂಗಡದ ಮೊತ್ತ ಹೇಳಿ ಎಂದೂ ಸೇರಿಸಿ. ಅಮೆರಿಕದ ಕಂಪನಿಯಾದರೆ ಅಲ್ಲಿನ ತೆರಿಗೆಯ ಡಬ್ಲ್ಯೂ-8 ಬೆನ್ ನಮೂನೆಯಲ್ಲಿ ಪ್ಯಾನ್ ಸಂಖ್ಯೆ ತುಂಬುವುದನ್ನು ಮರೆಯಬೇಡಿ. ತುಂಬದಿದ್ದರೆ ಅಲ್ಲಿನ ಆದಾಯಕ್ಕೆ ಶೇ. 30 ತೆರಿಗೆ ಹಿಡಿಯುತ್ತಾರೆ, ಭಾರತ-ಅಮೆರಿಕ ತೆರಿಗೆ ಒಪ್ಪಂದದ ಪ್ರಕಾರ ನಮಗೆ ಶೇ. 15. ನಿಮ್ಮ ಲೆಕ್ಕಪರಿಶೋಧಕರಿಗೆ ಬಂಡಲ್ ಒಪ್ಪಂದದ ಪ್ರತಿ ಈಗಲೇ ಕೊಟ್ಟಿಡಿ.